ಹೆಸರಿಲ್ಲದ ನಕ್ಷತ್ರ

ಕಾರವಾರದ ಕಡಲತೀರದಲ್ಲಿ, ಯುದ್ಧನೌಕೆ ಮ್ಯೂಸಿಯಂ ಬಳಿ, ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಇಲ್ಲೇ ಪಕ್ಕದ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಗುಂಡಿನ ಮಳೆಯ ನಡುವೆ ರಜೌರಿಯ ದಾರಿಯಲ್ಲಿ ಮೈನ್‌ಗಳನ್ನು ತೆಗೆದು ಪರಮವೀರ ಚಕ್ರ ಪಡೆದವರು. ಮೊನ್ನೆ ಅಂಕೋಲೆಯಿಂದ ಬಂದಿದ್ದ ಗೆಳತಿಯೊಬ್ಬಳು ಅದರ ಮುಂದೆ ನಿಂತು, "ಆ ಚಕ್ರ ಮಾರಿದರೆ ಎಷ್ಟು ಸಿಗಬಹುದು ಮಾರಾಯ್ತಿ?" ಎಂದಳು. ಉಳಿದವರು ಬೈದರು. ನಾನು ಬೈಯಲಿಲ್ಲ. ಕಾಮರ್ಸ್ ಓದುವವಳಿಗೆ ಅದು ಕೇಳಬೇಕಾದ ಪ್ರಶ್ನೆಯೇ.

ಶೌರ್ಯ ಪದಕ ಸಂಗ್ರಹಿಸುವವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ. ವಿಕ್ಟೋರಿಯಾ ರಾಣಿಯ ಕಾಲದ ಪದಕಗಳೆಂದರೆ ಅವರಿಗೆ ಪ್ರಾಣ. 1856ರಲ್ಲಿ ಶುರುವಾದ ವಿಕ್ಟೋರಿಯಾ ಕ್ರಾಸ್ ಬರೀ ಕಂಚು. ಗುಜರಿಗೆ ಹಾಕಿದರೆ ಏನೂ ಬಾರದು, ಹರಾಜಿನಲ್ಲಿ ಲಕ್ಷಾಂತರ ಪೌಂಡ್. ಏಕೆಂದರೆ ಅದರ ಹಿಂಬದಿಯಲ್ಲಿ ಸೈನಿಕನ ಹೆಸರು, ಅವನು ಆ ಸಾಹಸ ಮಾಡಿದ ದಿನ ಕೆತ್ತಿರುತ್ತದೆ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅನ್ನುವುದು ಇದನ್ನೇ ಇರಬೇಕು.

ನಮ್ಮ ಸಿಪಾಯಿಗಳಿಗೆ 1911ರ ತನಕ ಅದನ್ನು ಕೊಡುವಂತೆಯೇ ಇರಲಿಲ್ಲ. 1857ರ ದಂಗೆ ಅಡಗಿಸಿದ್ದಕ್ಕೆ 182 ವಿಕ್ಟೋರಿಯಾ ಕ್ರಾಸ್ ಹಂಚಿದರು. ಕಂಪನಿಯ ಪರವಾಗಿ ಹೋರಾಡಿದ ಸಿಪಾಯಿಗಳಲ್ಲಿ ಒಬ್ಬನಿಗೂ ಇಲ್ಲ. ಅವರಿಗೆ ಇದ್ದದ್ದು 1837ರಲ್ಲಿ ಕಂಪನಿ ಆರಂಭಿಸಿದ ಆರ್ಡರ್ ಆಫ್ ಮೆರಿಟ್, ನಕ್ಷತ್ರದ ಆಕಾರದ್ದು. ಅದರ ಜೊತೆ ಸಂಬಳವೂ ಏರುತ್ತಿತ್ತು. 1897ರಲ್ಲಿ ಸಾರಾಗಢಿಯಲ್ಲಿ ಸತ್ತ 21 ಸಿಖ್ಖರಿಗೂ ಕೊಟ್ಟದ್ದು ಇದನ್ನೇ. ಆದರೆ ಈ ನಕ್ಷತ್ರಗಳ ಮೇಲೆ ಸಾಮಾನ್ಯವಾಗಿ ಹೆಸರು ಕೆತ್ತುತ್ತಿರಲಿಲ್ಲ. ಕಾಗದಪತ್ರ ಕಳೆದರೆ ಅದು ಯಾರದೆಂದು ಹೇಳುವವರಿಲ್ಲ. ಅದೇ ಗುಂಡು, ಅದೇ ಗಾಯ, ಹೆಸರು ಮಾತ್ರ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಇವೆಲ್ಲ ಗುಲಾಮಗಿರಿಯ ಗುರುತು, ಇಟ್ಟುಕೊಳ್ಳುವುದೇ ತಪ್ಪು ಎನ್ನುವವರಿದ್ದಾರೆ. 1930ರಲ್ಲಿ ಕಾನೂನು ಮುರಿದು ಉಪ್ಪು ಮಾಡಿದ ಅಂಕೋಲೆಯವರು ಹಾಗೆಂದರೆ ನಾನು ತಲೆ ತಗ್ಗಿಸಿ ಕೇಳುತ್ತೇನೆ. ಆದರೂ ಒಪ್ಪುವುದಿಲ್ಲ. ಹೊಟ್ಟೆಪಾಡಿಗೆ ಪಲ್ಟನ್ ಸೇರಿದವನೂ ನಮ್ಮವನೇ. ಸಂಗ್ರಹಿಸಲಿ, ಬೇಕಾದರೆ ಮಾರಲಿ. ಪದಕದ ಜೊತೆ ಅವನ ಹೆಸರು, ಊರು ಬರೆದ ಕಾಗದವೂ ಕೈಯಿಂದ ಕೈಗೆ ಹೋಗಲಿ.

ಇದನ್ನು ಮನೆಯಲ್ಲಿ ಹೇಳಿದಾಗ ದಾದಿ ನಕ್ಕರು. (ದಾದಿ ಎಂದರೆ ನರ್ಸ್ ಅಲ್ಲ, ಅಪ್ಪನ ತಾಯಿ!) ನಮ್ಮ ಪೆಟ್ಟಿಗೆಯಲ್ಲೂ ರಾಣಿಯ ಮುಖವಿದ್ದ ಬೆಳ್ಳಿಯ ತಮಗಾ ಇತ್ತಂತೆ. ಶೌರ್ಯಕ್ಕೆ ಕೊಟ್ಟದ್ದೋ, ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟದ್ದೋ! ಫೂಫಿಯ ಮದುವೆಗೆ ಅದನ್ನು ಕರಗಿಸಿ ಕಾಲ್ಗೆಜ್ಜೆ ಮಾಡಿಸಿದರು. ಅಂಚಿನಲ್ಲಿ ಏನೋ ಇಂಗ್ಲಿಷ್ ಅಕ್ಷರ ಇತ್ತು, ಓದುವವರು ಆಗ ಮನೆಯಲ್ಲಿ ಇರಲಿಲ್ಲ.

"ಯಾರದು ದಾದಿ?" ಎಂದೆ.

"ನಿನ್ನ ದಾದಾನ ದಾದಾನದು" ಎಂದರು. ಹೆಸರು ಅವರಿಗೂ ಗೊತ್ತಿಲ್ಲ.