‘ರನ್’ ಅಂದರೆ ಓಡು ಮಾತ್ರವೇ?



ಇಂಗ್ಲಿಷ್ ಪದದ ಮುಂದೆ ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುವುದು ನಮಗೆಲ್ಲ ರೂಢಿ. ‘ರನ್’ ಅಂದರೆ ಓಡು. ಒಂದು ಪದ, ಒಂದು ಅರ್ಥ, ಮುಗೀತು. ಆದರೆ ಇಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ.

ಕ್ರಿಕೆಟ್ಟನ್ನೇ ನೋಡಿ. ಚೆಂಡು ಬೌಂಡರಿ ದಾಟಿದರೆ ಓಡದೆ ನಿಂತವನಿಗೂ 4 ರನ್ ಸಿಗುತ್ತದೆ. ನೆಗಡಿಯಾದರೆ ಇಂಗ್ಲಿಷಿನಲ್ಲಿ ಮೂಗೂ ‘ರನ್’ ಆಗುತ್ತದೆ. ಮೂಗು ಓಡಿ ಎಲ್ಲಿಗೆ ಹೋದೀತು? ನಾವು ಸೋರುತ್ತದೆ ಅಂತೀವಿ. ನದಿ ‘ರನ್’ ಆದರೆ ಹರಿಯುತ್ತದೆ ಎಂದರ್ಥ. ಅಂಗಡಿ ‘ರನ್’ ಮಾಡುವವರು ಅಂಗಡಿ ನಡೆಸುವವರು. ಚುನಾವಣೆಯದು ಇನ್ನೂ ತಮಾಷೆ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಬ್ರಿಟನ್ನಿನ ಇಂಗ್ಲಿಷಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ. ನಮ್ಮಲ್ಲೂ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುತ್ತಾರೆಯೇ ಹೊರತು ಯಾರೂ ಓಡುವುದಿಲ್ಲ!

ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನವರು ‘ರನ್’ ಎಂಬ ಕ್ರಿಯಾಪದ ಒಂದಕ್ಕೇ 645 ಅರ್ಥ ಗುರುತಿಸಿದ್ದಾರೆಂದು 2011ರಲ್ಲಿ ಪತ್ರಿಕೆಯಲ್ಲಿ ಬಂದಿತ್ತಂತೆ. ಅಷ್ಟನ್ನೂ ಉರು ಹೊಡೆಯೋಕೆ ಯಾರಿಂದ ಆಗುತ್ತೆ?

ಆದರೂ ಹೆದರಬೇಕಾಗಿಲ್ಲ. ನಮ್ಮ ಕನ್ನಡವೂ ಹೀಗೇ ಇದೆ. ಮೀನು ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬಿಂದಿಗೆ 10 ಲೀಟರ್ ನೀರು ಹಿಡಿಯುತ್ತದೆ. ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಮಾತಿನಲ್ಲಿ ಕೇಳಿ ಕೇಳಿ ತಾನಾಗೇ ಬಂತು. ಮೀನು, ಬಸ್ಸು, ತುಕ್ಕು ಎಂಬ ಪಕ್ಕದ ಪದವೇ ಅರ್ಥ ಹೇಳಿಬಿಡುತ್ತದೆ. ಆದರೆ ಇಂಗ್ಲಿಷ್ ನಮಗೆ ಮನೆಯಲ್ಲಿ, ಹೊಲದಲ್ಲಿ ಕೇಳೋಕೆ ಸಿಗಲ್ಲ. ಅದಕ್ಕೇ ಬಿಡಿ ಪದ ಸಾಲದು, ವಾಕ್ಯ ಬೇಕು.

ಆದ್ದರಿಂದ ಗೆಳೆಯರೇ, ಪದದ ಮುಂದೆ ಅರ್ಥದ ಜೊತೆಗೆ ಒಂದು ಚಿಕ್ಕ ವಾಕ್ಯವನ್ನೂ ಬರೆಯೋಣ. ಕೆಳಗೆ ನಾಲ್ಕು ಗೆರೆ ಜಾಗ ಬಿಡೋಣ. ಹೊಸ ಅರ್ಥ ಸಿಕ್ಕಾಗ ಅಲ್ಲೇ ಸೇರಿಸೋಣ. ಗುರುಗಳಲ್ಲಿ ಒಂದು ಬಿನ್ನಹ: ದಿನಕ್ಕೆ ಹತ್ತು ಪದ ಕೊಡುವ ಬದಲು ಐದೇ ಕೊಡಿ, ವಾಕ್ಯದಲ್ಲಿಟ್ಟು ಕೊಡಿ.

ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ತಲೆಗೆ ಹತ್ತಲ್ಲ ಅನ್ನೋರು ಇದ್ದಾರೆ. ‘ಹಿಡಿ’ಯನ್ನು ಇಷ್ಟು ಬಗೆಯಲ್ಲಿ ಹಿಡಿದ ನಮಗೆ ‘ರನ್’ ಹಿಡಿಯೋಕೆ ಆಗಲ್ವೇ? ನೀವೇನಂತೀರಿ?

– 7ನೇ ತರಗತಿ ವಿದ್ಯಾರ್ಥಿನಿ