ಲೆಕ್ಕ ಕೇಳುವ ಲೇಖನಿಗೆ ಸಲ್ಲಬೇಕಾದ ಮನ್ನಣೆ

1992ರ ಏಪ್ರಿಲ್ 23ರಂದು ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟವಾಯಿತು. ಭಾರತೀಯ ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿಗಳ ಕೊರತೆ ಕಂಡುಬಂದಿದೆಯೆಂದೂ, ಅದರ ಹಿಂದೆ ಷೇರುಪೇಟೆಯ ಒಬ್ಬ ದೊಡ್ಡ ದಲ್ಲಾಳಿಯಿದ್ದಾನೆಂದೂ ಅದು ಹೇಳಿತು. ಬರೆದವರು ಸುಚೇತಾ ದಲಾಲ್. ಮುಂದಿನ ಕೆಲವೇ ದಿನಗಳಲ್ಲಿ ಹರ್ಷದ್ ಮೆಹ್ತಾ ಎಂಬ ಹೆಸರು ದೇಶದ ಮನೆಮನೆಯ ಮಾತಾಯಿತು. ರಿಸರ್ವ್ ಬ್ಯಾಂಕು ನೇಮಿಸಿದ ಜಾನಕಿರಾಮನ್ ಸಮಿತಿ ಹಗರಣದ ಮೊತ್ತವನ್ನು 4,000 ಕೋಟಿ ರೂಪಾಯಿಗಳಿಗೂ ಮಿಗಿಲೆಂದು ಅಂದಾಜಿಸಿತು. ಬೆಳಗಾವಿಯಲ್ಲಿ ಶಾಲೆ ಕಲಿತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪದವಿ ಪಡೆದ ಈ ಪತ್ರಕರ್ತೆಗೆ ಭಾರತ ಸರಕಾರ 'ಪದ್ಮಶ್ರೀ' ನೀಡಿದ್ದು 2006ರಲ್ಲಿ. ವರದಿಗೂ ಗೌರವಕ್ಕೂ ನಡುವೆ ಹದಿನಾಲ್ಕು ವರ್ಷಗಳ ಅಂತರ.

ಈ ಅಂತರವೇ ವಿಚಾರಕ್ಕೆ ಎಡೆಮಾಡುವಂಥದು. ವಾಣಿಜ್ಯ ಕ್ಷೇತ್ರದ ತನಿಖಾ ವರದಿಗಾರಿಕೆಗೆ ಪ್ರಶಸ್ತಿ ಬೇಕೇ ಎಂಬುದು ಈಗಿನ ಪ್ರಶ್ನೆಯಲ್ಲ. ಅದನ್ನು ಕೊಡುವವರು ಯಾರು, ಯಾವಾಗ ಕೊಡುತ್ತಾರೆ, ಯಾವ ಭಾಷೆಯ ಬರಹಕ್ಕೆ ಕೊಡುತ್ತಾರೆ ಎಂಬುದೇ ಪ್ರಶ್ನೆ.

ಈ ಬಗೆಯ ವರದಿಗಾರಿಕೆ ಉಳಿದವುಗಳಿಗಿಂತ ಭಿನ್ನವಾದುದು. ರಾಜಕಾರಣಿಯ ಅಕ್ರಮವನ್ನು ಬಯಲಿಗೆಳೆಯುವಾಗ ಎದುರಾಳಿ ಪಕ್ಷದ ಬೆಂಬಲವಾದರೂ ದೊರೆಯುತ್ತದೆ. ವ್ಯಾಪಾರ ಸಂಸ್ಥೆಯ ಅಕ್ರಮವಾದರೋ ಕಿರ್ದಿ-ಖತಾವಣಿಗಳ ಸಾಲುಗಳಲ್ಲಿ ಅಡಗಿರುತ್ತದೆ. 1992ರ ಪ್ರಕರಣವನ್ನೇ ನೋಡಬಹುದು. ಬ್ಯಾಂಕುಗಳು ಸರಕಾರಿ ಸಾಲಪತ್ರಗಳನ್ನು ಕೆಲವು ದಿನಗಳ ಮಟ್ಟಿಗೆ ಮಾರಿ ಮರಳಿ ಕೊಳ್ಳುವ 'ರೆಡಿ ಫಾರ್ವರ್ಡ್' ವ್ಯವಹಾರದಲ್ಲಿ ದಲ್ಲಾಳಿ ಕೇವಲ ಮಧ್ಯಸ್ಥನಾಗಿರಬೇಕಿತ್ತು. ಆದರೆ ಹಣ ಅವನ ಸ್ವಂತ ಖಾತೆಗೆ ಹರಿದು ಷೇರುಪೇಟೆಯನ್ನು ಸೇರಿತು. ಸಾಲಪತ್ರಗಳ ಬದಲಿಗೆ ಕೈಬದಲಾದವು ಬರಿಯ ಬ್ಯಾಂಕ್ ರಸೀದಿಗಳು. ಅವುಗಳಲ್ಲಿ ಕೆಲವಕ್ಕೆ ಆಧಾರವೇ ಇರಲಿಲ್ಲ. ಇದನ್ನು ಅರಿಯಲು ಧೈರ್ಯದಷ್ಟೇ ಲೆಕ್ಕಜ್ಞಾನವೂ ಬೇಕು. ಷೇರುಗಳ ಬೆಲೆ ಏರುತ್ತಿದ್ದ ಆ ದಿನಗಳಲ್ಲಿ ಸಾವಿರಾರು ಮಂದಿ ಲಾಭದ ಲೆಕ್ಕ ಹಾಕುತ್ತಿದ್ದರು. ಏರಿಕೆಯ ಮೂಲವನ್ನು ಕೇಳುವವರು ಬೇಡವಾದವರಾಗಿದ್ದರು.

ಇಂಥ ಬರಹಕ್ಕೆ ಮನ್ನಣೆ ನೀಡುವ ಪರಂಪರೆ ಅಮೆರಿಕದಲ್ಲಿ ಹಳೆಯದು. ಷೇರು ವ್ಯವಹಾರದ ಇ. ಎಫ್. ಹಟನ್ ಸಂಸ್ಥೆಯ ಪಾಲುದಾರ ಜೆರಾಲ್ಡ್ ಲೋಬ್ 1957ರಲ್ಲಿ ತನ್ನ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿದ. ಸಾಮಾನ್ಯ ಹೂಡಿಕೆದಾರನಿಗೆ ತಿಳಿವಳಿಕೆ ನೀಡುವ ಬರಹವನ್ನು ಪ್ರೋತ್ಸಾಹಿಸುವುದು ಅದರ ಉದ್ದೇಶ. ಆತ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ, 1985ರಲ್ಲಿ, ಅದೇ ಹಟನ್ ಸಂಸ್ಥೆ ಬ್ಯಾಂಕುಗಳನ್ನು ವಂಚಿಸಿದ 2,000 ಆರೋಪಗಳನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆದರೂ ಪ್ರಶಸ್ತಿಯ ಗೌರವ ಕುಗ್ಗಲಿಲ್ಲ. ಅದರ ಆಡಳಿತ ಆ ವೇಳೆಗಾಗಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಕೈಸೇರಿತ್ತು. ದಾನಿಯ ಕೈ ಮತ್ತು ತೀರ್ಪುಗಾರನ ಕೈ ಬೇರೆಬೇರೆಯಾಗಿದ್ದರೆ ಮಾತ್ರ ಪ್ರಶಸ್ತಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

2007ರಲ್ಲಿ ಅಲ್ಲಿ ಮತ್ತೊಂದು ಪ್ರಶಸ್ತಿ ಆರಂಭವಾಯಿತು. ಅದು ದಾನಿಯ ಹೆಸರಿನಲ್ಲಿಲ್ಲ. ಡೊನಾಲ್ಡ್ ಬಾರ್ಲೆಟ್ ಮತ್ತು ಜೇಮ್ಸ್ ಸ್ಟೀಲ್ ಎಂಬ ಇಬ್ಬರು ವರದಿಗಾರರ ಹೆಸರಿನಲ್ಲಿದೆ. ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಜೊತೆಯಾಗಿ ದುಡಿದ ಈ ಇಬ್ಬರು 1975 ಮತ್ತು 1989ರಲ್ಲಿ ಪುಲಿಟ್ಜರ್ ಬಹುಮಾನ ಪಡೆದರು. ಎರಡನೆಯ ಸಲದ ವಿಷಯ 1986ರ ತೆರಿಗೆ ಸುಧಾರಣಾ ಕಾಯಿದೆ. ಬಲ್ಲಿದರಾದ ಕೆಲವರಿಗಷ್ಟೇ ಅನ್ವಯಿಸುವ ವಿನಾಯಿತಿಗಳನ್ನು ಹೆಸರು ಹೇಳದೆ ಆ ಕಾಯಿದೆಯಲ್ಲಿ ಸೇರಿಸಲಾಗಿತ್ತು. ಆ ಹೆಸರುಗಳನ್ನು ಇವರು ಕಡತಗಳಿಂದ ಹುಡುಕಿ ತೆಗೆದರು. ರಹಸ್ಯ ಮೂಲಗಳ ಪಿಸುಮಾತಿಗಿಂತ ಸಾರ್ವಜನಿಕ ದಾಖಲೆಯ ತಾಳ್ಮೆಯ ಓದು ಮಿಗಿಲೆಂಬುದನ್ನು ಅವರ ಬರಹ ತೋರಿಸಿತು. ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಅಕ್ಷರ ಅಕ್ಷರವಾಗಿ ಓದಿ ಪಾಠ ನಿರ್ಣಯಿಸುವ ಕನ್ನಡದ ಸಂಶೋಧಕರಿಗೆ ಈ ವಿಧಾನ ಅಪರಿಚಿತವಲ್ಲ. ವಿಷಯ ಮಾತ್ರ ಬೇರೆ.

ಭಾರತದಲ್ಲಿಯೂ ರಾಮನಾಥ ಗೋಯೆಂಕಾ ಹೆಸರಿನ ಪತ್ರಿಕೋದ್ಯಮ ಪ್ರಶಸ್ತಿಗಳಲ್ಲಿ ತನಿಖಾ ವರದಿಗೂ ವಾಣಿಜ್ಯ ವರದಿಗೂ ಪ್ರತ್ಯೇಕ ವಿಭಾಗಗಳಿವೆ. ಇದು ಸ್ವಾಗತಾರ್ಹ. ಆದರೆ ಪ್ರಶಸ್ತಿಗಳೆಲ್ಲಕ್ಕೂ ಅಂಟಿದ ಒಂದು ದೋಷವಿದೆ. ಅವು ಗೆದ್ದ ಸತ್ಯವನ್ನಷ್ಟೇ ಗುರುತಿಸುತ್ತವೆ; ಹೋರಾಡುತ್ತಿರುವ ಸತ್ಯವನ್ನಲ್ಲ. ಜರ್ಮನಿಯ ವೈರ್‌ಕಾರ್ಡ್ ಸಂಸ್ಥೆಯ ಲೆಕ್ಕಗಳ ಮೇಲೆ ಲಂಡನ್ನಿನ 'ಫೈನಾನ್ಷಿಯಲ್ ಟೈಮ್ಸ್' 2015ರಿಂದ ಸಂಶಯ ವ್ಯಕ್ತಪಡಿಸುತ್ತ ಬಂದಿತು. 2019ರಲ್ಲಿ ಆ ದೇಶದ ಹಣಕಾಸು ನಿಯಂತ್ರಣ ಸಂಸ್ಥೆ ದೂರು ಕೊಟ್ಟದ್ದು ವೈರ್‌ಕಾರ್ಡಿನ ಮೇಲಲ್ಲ, ಪತ್ರಕರ್ತರ ಮೇಲೆ. 2020ರ ಜೂನ್‌ನಲ್ಲಿ 190 ಕೋಟಿ ಯೂರೋ ಇಲ್ಲವೇ ಇಲ್ಲವೆಂದು ಸಾಬೀತಾಗಿ ಸಂಸ್ಥೆ ಕುಸಿದ ಮೇಲೆ ಸನ್ಮಾನಗಳು ಬಂದವು. ವರದಿಗಾರನಿಗೆ ಮನ್ನಣೆ ಹೆಚ್ಚು ಅಗತ್ಯವಾಗಿದ್ದುದು 2019ರಲ್ಲಿ. ದೊರೆತದ್ದು ಆ ಬಳಿಕ. ಭಾರತದಲ್ಲಿ ಮಾನಹಾನಿ ಇಂದಿಗೂ ಕ್ರಿಮಿನಲ್ ಅಪರಾಧ. 2016ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದೂರದ ನ್ಯಾಯಾಲಯಗಳಿಗೆ ಅಲೆಯಬೇಕಾದ ಸಣ್ಣ ಪತ್ರಿಕೆಯ ವರದಿಗಾರನಿಗೆ ಶಾಲು, ಹಾರ, ಫಲಕಗಳಿಗಿಂತ ವಕೀಲನ ನೆರವು ಹೆಚ್ಚಿನದು. ಪ್ರಶಸ್ತಿಯ ನಿಧಿಯಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿರಿಸಿದರೆ ಅದು ನಿಜವಾದ ಗೌರವವೆನಿಸೀತು.

ಇನ್ನು ಭಾಷೆಯ ಪ್ರಶ್ನೆ. ಕನ್ನಡಕ್ಕೆ ತನಿಖಾ ಬರಹದ ಪರಂಪರೆ ಇಲ್ಲವೆನ್ನುವಂತಿಲ್ಲ. 1980ರಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ' ಜಾಹೀರಾತಿನ ಹಂಗಿಲ್ಲದೆ, ಓದುಗರ ಹಣದಿಂದಲೇ ನಡೆದು ಅಧಿಕಾರಸ್ಥರನ್ನು ಪ್ರಶ್ನಿಸಿತು. ಆದರೆ ಆ ಪರಂಪರೆಯ ಒಲವು ಬಹುಮಟ್ಟಿಗೆ ರಾಜಕೀಯದತ್ತ. ವಾಣಿಜ್ಯದ ಒಳಸುಳಿಗಳನ್ನು ಬಿಡಿಸಿ ಹೇಳುವ ಹೊಣೆಯನ್ನು ಕನ್ನಡ ಇಂಗ್ಲಿಷಿಗೆ ಬಿಟ್ಟುಕೊಟ್ಟಂತಿದೆ. ಇದೊಂದು ವಿಪರ್ಯಾಸ. ಏಕೆಂದರೆ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂಬ ಐದು ಬ್ಯಾಂಕುಗಳು ಹುಟ್ಟಿದ್ದು ಕರಾವಳಿಯ ಮಂಗಳೂರು-ಉಡುಪಿಗಳಲ್ಲಿ. ಅವುಗಳಲ್ಲಿ ವಿಜಯಾ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. 1992ರ ಹಗರಣದ ತನಿಖೆಯಲ್ಲಿ ಕೆನರಾ ಬ್ಯಾಂಕಿನ ಅಂಗಸಂಸ್ಥೆಯಾದ ಕ್ಯಾನ್‌ಫಿನಾದ ಹೆಸರೂ ಕೇಳಿಬಂದಿತ್ತು. ಬ್ಯಾಂಕುಗಳನ್ನು ಕಟ್ಟಿದ ಜನರ ಭಾಷೆಯಲ್ಲಿ ಬ್ಯಾಂಕುಗಳನ್ನು ಪ್ರಶ್ನಿಸುವ ಬರಹ ವಿರಳವಾಗಿರುವುದು ಸರಿಯಲ್ಲ.

ಇದು ಕೇವಲ ಭಾಷಾಭಿಮಾನದ ಮಾತಲ್ಲ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಆಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ಹಿಂಪಡೆಯಬಹುದಾಗಿದ್ದುದು 1,000 ರೂಪಾಯಿ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ಗೊತ್ತುಪಡಿಸಿದ ಮಿತಿ 35,000 ರೂಪಾಯಿ. ಇಂಥ ಬ್ಯಾಂಕುಗಳಲ್ಲಿ ಹಣವಿಡುವವರು ನಿವೃತ್ತರು, ಸಣ್ಣ ವ್ಯಾಪಾರಿಗಳು, ಹೋಟೆಲ್ ಕಾರ್ಮಿಕರು. ಅವರು ನಿತ್ಯ ಓದುವುದು ಇಂಗ್ಲಿಷಿನ ವಾಣಿಜ್ಯ ಪತ್ರಿಕೆಯನ್ನಲ್ಲ. 'ಅನುತ್ಪಾದಕ ಆಸ್ತಿ' ಎಂಬ ಪಾರಿಭಾಷಿಕ ಪದ ಅವರಿಗೆ ಏನನ್ನೂ ತಿಳಿಸುವುದಿಲ್ಲ. 'ಮರಳಿಬಾರದ ಸಾಲ' ಎಂದರೆ ಎದೆ ಝಲ್ಲೆನ್ನುತ್ತದೆ. ಪದವೊಂದು ಸತ್ಯವನ್ನು ಹೇಗೆ ಮರೆಮಾಡುತ್ತದೆ, ಹೇಗೆ ಬಯಲುಮಾಡುತ್ತದೆ ಎಂಬುದು ಭಾಷೆಯ ವಿದ್ಯಾರ್ಥಿಗಳು ವಿಚಾರಿಸಬೇಕಾದ ಸಂಗತಿಯೇ ಆಗಿದೆ.

ಹೊರನಾಡಿನ ಕನ್ನಡ ಸಂಘಸಂಸ್ಥೆಗಳು ಕವಿಗಳಿಗೆ, ಕಲಾವಿದರಿಗೆ, ಸಮಾಜಸೇವಕರಿಗೆ ಪ್ರಶಸ್ತಿ ನೀಡುತ್ತ ಬಂದಿವೆ. ವಾಣಿಜ್ಯ ನಗರಿಯಾದ ಮುಂಬಯಿಯಲ್ಲಿ ಕನ್ನಡದ ವಾಣಿಜ್ಯ ತನಿಖಾ ಬರಹಕ್ಕೆ ಒಂದು ಪ್ರಶಸ್ತಿ ಹುಟ್ಟಿಕೊಂಡರೆ ಅದು ಸ್ಥಳೋಚಿತವಾದುದು. ಆದರೆ ಅಲ್ಲೊಂದು ತೊಡಕಿದೆ. ಸಂಘಗಳ ಪೋಷಕರಲ್ಲಿ ಉದ್ಯಮಿಗಳೂ ಸಹಕಾರಿ ಬ್ಯಾಂಕುಗಳ ನಿರ್ದೇಶಕರೂ ಇರುತ್ತಾರೆ. ಸ್ಮರಣ ಸಂಚಿಕೆಗಳ ಕೊನೆಯ ಪುಟಗಳು ಅವರ ಶುಭಾಶಯಗಳಿಂದಲೇ ತುಂಬುತ್ತವೆ. ಅವರ ಕನ್ನಡ ಪ್ರೀತಿ ಪ್ರಶ್ನಾತೀತ. ಆದರೂ ಲೆಕ್ಕ ಕೊಡಬೇಕಾದವರೇ ಲೆಕ್ಕ ಕೇಳುವವರನ್ನು ಆರಿಸುವಂತಾಗಬಾರದು. ಆದುದರಿಂದ ಇಂಥ ಪ್ರಶಸ್ತಿ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವುದು ಲೇಸು. ದತ್ತಿ ಯಾರದೇ ಇರಲಿ, ಆಯ್ಕೆಯಲ್ಲಿ ದಾನಿಗೆ ದನಿಯಿರಕೂಡದು. ತೀರ್ಪುಗಾರರಲ್ಲಿ ಒಬ್ಬ ಲೆಕ್ಕಪರಿಶೋಧಕ, ಒಬ್ಬ ಪತ್ರಕರ್ತ, ಒಬ್ಬ ಭಾಷಾ ವಿದ್ವಾಂಸ ಇರಬೇಕು.

ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಬಹುಮಾನ ಪಡೆಯುವ ಬರಹ ಹುಟ್ಟಬೇಕಾದರೆ ಅದನ್ನು ಬರೆಯಬಲ್ಲವರು ತಯಾರಾಗಬೇಕು. ಕನ್ನಡ ಎಂ.ಎ. ತರಗತಿಗಳ ಪತ್ರಿಕೋದ್ಯಮ ಪಾಠಗಳಲ್ಲಿ ಒಂದು ಸಹಕಾರಿ ಬ್ಯಾಂಕಿನ ಅಢಾವೆ ಪತ್ರಿಕೆಯನ್ನು ಪಠ್ಯದಂತೆ ಓದಿಸಬಹುದು: ಸಾಲ ಯಾರಿಗೆ ಹೋಗಿದೆ, ಅಡಮಾನವೇನು, ಪರಿಶೋಧಕರ ಷರಾ ಏನು, ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಬದಲಾದ ಸಾಲು ಯಾವುದು ಎಂದು. ಹಳಗನ್ನಡ ಕಾವ್ಯದ ಅನ್ವಯ ಬಿಡಿಸಬಲ್ಲ ವಿದ್ಯಾರ್ಥಿಗೆ ಇದು ಅಸಾಧ್ಯವಾದುದಲ್ಲ. ಅಂಥ ಒಬ್ಬ ವಿದ್ಯಾರ್ಥಿ ಬರೆದ ಒಂದು ವರದಿ, ಬ್ಯಾಂಕಿನ ಬಾಗಿಲು ಮುಚ್ಚುವ ಮೊದಲೇ ಒಬ್ಬ ಠೇವಣಿದಾರನನ್ನು ಎಚ್ಚರಿಸಿದರೆ, ಪ್ರಶಸ್ತಿ ಬಂದರೂ ಬಾರದಿದ್ದರೂ ಆ ಲೇಖನಿ ಸಾರ್ಥಕವಾದಂತೆ.