ಪದಪರಿಚಯ: ‘ಸಿ’ ಮೊದಲಾದ ನಾಲ್ಕಕ್ಷರದ ಪದಗಳು

ಈ ತಿಂಗಳು ಇಂಗ್ಲಿಷಿನ ಮೂರು ಪದಗಳು: ಕಾಯರ್, ಚಿಟ್, ಕ್ಯಾಶ್. ಮೂರೂ ‘ಸಿ’ಯಿಂದ ಮೊದಲಾಗುವ ನಾಲ್ಕಕ್ಷರದವು. ಇಂಗ್ಲಿಷೆಂದರೆ ಅಳುಕುವ ಲೊಕ್ಕನಹಳ್ಳಿಯಂತಹ ಊರಿನ ಮಕ್ಕಳು ಇವಕ್ಕೆ ಹೆದರಬೇಕಾಗಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಇವುಗಳ ನೆಂಟರನ್ನು ಬಲ್ಲರು.

ಕಾಯರ್ ಎಂದರೆ ತೆಂಗಿನ ನಾರು. ಹಗ್ಗವೆಂಬ ಅರ್ಥದ ಮಲಯಾಳದ ‘ಕಯರ್’ ಅದರ ಮೂಲ. ಚಿಟ್ ಹಿಂದಿಯ ಚಿಟ್ಠಿಯಿಂದ ಹುಟ್ಟಿದ್ದು, ನಮ್ಮ ಚೀಟಿಯ ಬಳಗ.

ಕ್ಯಾಶ್ ಮಾತ್ರ ತುಸು ತೊಡಕಿನದು. ನಗದು ಎಂಬರ್ಥದ ಕ್ಯಾಶ್, ಫ್ರೆಂಚರು ಪೆಟ್ಟಿಗೆಗೆ ಹೇಳುವ ಪದದಿಂದ ಬಂದಿತು. ಅದೇ ಅಕ್ಷರಗಳ ಇನ್ನೊಂದು ಕ್ಯಾಶ್ ಪುಟ್ಟ ನಾಣ್ಯದ ಹೆಸರು. ಅದು ಪೋರ್ಚುಗೀಸರ ಬಾಯಲ್ಲಿ ರೂಪಗೆಟ್ಟ ‘ಕಾಸು’! ಕಂಪನಿಯ ಕಾಲದ ಮದ್ರಾಸಿನ ಲೆಕ್ಕದಲ್ಲಿ 80 ಕ್ಯಾಶಿಗೆ 1 ಫಣ, ಅಂದರೆ ನಮ್ಮ ‘ಹಣ’. 42 ಫಣಕ್ಕೆ 1 ವರಾಹ. ಕೊಳ್ಳೇಗಾಲ ಸೀಮೆಯೂ 1956ರವರೆಗೆ ಮದ್ರಾಸಿಗೆ, ಅಲ್ಲಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆಯಬಹುದು. ಮನೆಯಲ್ಲಿ ಹಿರಿಯರು ‘ಮೂರು ಕಾಸಿನ ಬೆಲೆಯಿಲ್ಲ’ ಎಂದು ಗದರುವಾಗ ಮಕ್ಕಳ ಕಿವಿಗೆ ಬೀಳುವುದು ಈ ನಾಣ್ಯದ ಹೆಸರೇ.

ಐದಕ್ಷರದ ಕೊಪ್ರಾ ನಮ್ಮ ಅಡುಗೆಮನೆಯ ಯಾವ ಪದಾರ್ಥದ ಬಂಧುವೆಂಬುದನ್ನು ಮಕ್ಕಳೇ ತಾಯಂದಿರನ್ನು ಕೇಳಿ ತಿಳಿಯಲಿ.